ಸೂಜಿಯಕ್ಕ ಬೈಕು ಆರಿಸಿದ ಬಗೆ

ಹತ್ತೊಂಬತ್ತು ವರ್ಷಗಳಿಂದ ಬಲ್ಲವರ ಮನೆಗೆ ಹೋದರೂ ಸೂಜಿಯಕ್ಕ ಮೊದಲು ಆಡುವ ಮಾತು ಒಂದೇ: "ನಿಮ್ಮ ಹೆಸರು ಹೇಳಿ, ಹುಟ್ಟಿದ ತಾರೀಕು ಹೇಳಿ." ಹೇಳಿದ ಮೇಲೆ ಚೀಟಿಯನ್ನು ನೋಡುವಳು, ಚೀಟಿಯನ್ನು ನೋಡಿದ ಮೇಲೆ ಮುಖವನ್ನು ನೋಡುವಳು, ಎರಡೂ ಹೊಂದಿದರೂ ಮತ್ತೊಮ್ಮೆ ಕೇಳುವಳು. "ನನ್ನ ಮದುವೆಗೆ ಬಂದು ಉಂಡುಹೋದವಳು ನೀನು, ಇವತ್ತು ನನ್ನ ಹೆಸರು ಕೇಳ್ತೀಯಲ್ಲ" ಎಂದು ಯಾರಾದರೂ ರೇಗಿದರೆ, "ಉಂಡಿದ್ದು ನೆನಪಿದೆ, ಯಾರ ಮದುವೆ ಅನ್ನೋದೇ ಅನುಮಾನ" ಎಂದು ಹೇಳಿ ತೋಳಿಗೆ ರಬ್ಬರು ಪಟ್ಟಿಯನ್ನು ಬಿಗಿಯುವಳು.

ಅವಳದು ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆದು ಲ್ಯಾಬಿಗೆ ಮುಟ್ಟಿಸುವ ಕೆಲಸ. ನಸುಕು ಹರಿಯುವ ಹೊತ್ತಿಗೆ ಸ್ಕೂಟರಿನ ಹಿಂದೆ ಐಸ್ ಡಬ್ಬಿಯನ್ನು ಕಟ್ಟಿಕೊಂಡು ಹೊರಟರೆ ಹದಿನಾಲ್ಕು ಮನೆಗಳನ್ನು ಮುಗಿಸಿ ಒಂಬತ್ತೂವರೆಗೆ ಲ್ಯಾಬಿನ ಬಾಗಿಲಲ್ಲಿ ಇಳಿಯುವಳು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಂದೇ ಮನೆಯ ಅತ್ತೆ ಸೊಸೆಯರ ಟ್ಯೂಬುಗಳು ಅದಲುಬದಲಾಗಿ, ಗಟ್ಟಿಮುಟ್ಟಾಗಿದ್ದ ಸೊಸೆ ಮೂರು ದಿನ ಸಕ್ಕರೆ ಕಾಯಿಲೆಯ ಪಥ್ಯವನ್ನು ಮಾಡಿದ್ದಳು. ಅತ್ತೆ ಮೂರು ದಿನ ಸಿಹಿ ತಿಂದಿದ್ದಳು. ದೈವಕೃಪೆಯಿಂದ ಅನಾಹುತವಾಗಲಿಲ್ಲ. ಆದರೆ ಅಂದು ಸೂಜಿಯಕ್ಕನ ಎದೆಯೊಳಗೆ ಬಂದು ಕುಳಿತ ಸಂಶಯ ಮತ್ತೆ ಎದ್ದುಹೋಗಲಿಲ್ಲ. ಬಂದದ್ದು ಕಸುಬಿನ ದಾರಿಯಲ್ಲಿ. ನೆಲೆಸಿದ್ದು ಇಡೀ ಬಾಳಿನಲ್ಲಿ. ಹಾಲಿನವನ ಅಳತೆ, ಗಡಿಯಾರದ ಮುಳ್ಳು, ನೆರೆಮನೆಯವಳ ನಗು ಯಾವುದನ್ನೂ ಅವಳು ಎರಡು ಸಲ ನೋಡದೆ ಒಪ್ಪುತ್ತಿರಲಿಲ್ಲ. ಗಡಿಯಾರ ರಿಪೇರಿ ಮಾಡುವ ಅವಳ ಗಂಡನೇ ಒಮ್ಮೆ ನೆಂಟರ ಮುಂದೆ ಹೇಳಿದ್ದ: "ನಮ್ಮನೆಯವಳು ಕನ್ನಡಿ ಮುಂದೆ ನಿಂತರೂ ಮೊದಲು ಹೆಸರು ಕೇಳ್ತಾಳೆ."

ಇಷ್ಟಾದರೂ ಜನ ಅವಳನ್ನೇ ಬಯಸುತ್ತಿದ್ದರು. ಸೂಜಿಯಕ್ಕ ಚುಚ್ಚಿದರೆ ನೋಯುವುದಿಲ್ಲವೆಂಬ ಹೆಸರು ಊರಿನ ಆ ಭಾಗದಲ್ಲೆಲ್ಲ ಹಬ್ಬಿತ್ತು. ಇತ್ತೀಚಿನ ನಾಲ್ಕು ತಿಂಗಳಲ್ಲಂತೂ ಆ ಹೆಸರು ಇಮ್ಮಡಿಯಾಗಿತ್ತು. ಮೂತ್ರಪಿಂಡದ ಕಾಯಿಲೆಯಿಂದ ವಾರವಾರವೂ ರಕ್ತ ಕೊಡಬೇಕಾಗಿದ್ದ ಟೀಚರಮ್ಮ, ಮೂವತ್ತಾರು ವರ್ಷ ಗಣಿತವನ್ನು ಕಲಿಸಿ ನಿವೃತ್ತಳಾದ ಒಂಟಿ ಹೆಂಗಸು, "ನೀನು ಚುಚ್ಚಿದ್ದು ಗೊತ್ತೇ ಆಗಲ್ಲ ಕಣೆ, ಇರುವೆ ನಡೆದ ಹಾಗಾಗತ್ತೆ" ಎಂದು ಬೀದಿಗೆಲ್ಲ ಸಾರಿದ್ದಳು.

ಇಂಥವಳನ್ನು ಲ್ಯಾಬಿನ ಡಾಕ್ಟರಮ್ಮ ಒಂದು ದಿನ ಒಳಗೆ ಕರೆದು ಬಾಗಿಲನ್ನು ಮುಂದೆ ಮಾಡಿದಳು.

"ಹೋದ ತಿಂಗಳು ನಿನ್ನ ಹನ್ನೊಂದು ಸ್ಯಾಂಪಲ್ ಕೆಟ್ಟಿವೆ. ರಕ್ತ ಒಡೆದು ನೀರು ಗುಲಾಬಿ ಬಣ್ಣಕ್ಕೆ ತಿರುಗಿದೆ. ಹನ್ನೊಂದು ಜನರನ್ನ ಇಲ್ಲಿಗೇ ಕರೆಸಿ ಎರಡನೇ ಸಲ ಚುಚ್ಚಬೇಕಾಯ್ತು."

ರಕ್ತದ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದಾಗ ಕೆಂಪು ಕಣಗಳು ತಳದಲ್ಲಿ ಕೂತು, ಮೇಲೆ ಒಣಹುಲ್ಲಿನ ಬಣ್ಣದ ತಿಳಿನೀರು ನಿಲ್ಲಬೇಕು. ಕಣಗಳು ದಾರಿಯಲ್ಲಿಯೇ ಒಡೆದಿದ್ದರೆ ಆ ನೀರು ಕೆಂಪೇರುತ್ತದೆ. ಅದರಿಂದ ಬರುವ ಲೆಕ್ಕ ಸುಳ್ಳಾಗುತ್ತದೆ. ಇದು ಸೂಜಿಯಕ್ಕನಿಗೆ ತಿಳಿಯದ ವಿಷಯವಲ್ಲ.

"ನನ್ನ ಸ್ಯಾಂಪಲ್ಲಾ ಡಾಕ್ಟರಮ್ಮ? ಚೀಟಿ ಸರಿಯಾಗಿ ನೋಡಿದ್ರಾ?"

"ನೋಡಿದ್ದೀನಿ. ನಿನ್ನ ಸ್ಕೂಟರೇ ಕಾರಣ ಇರಬೇಕು. ಅದು ಬರೋ ಸದ್ದಿಗೆ ನನ್ನ ಮೇಜಿನ ಮೇಲಿನ ಪೆನ್ನು ಉರುಳತ್ತೆ. ಒಳ್ಳೇ ಗಾಡಿ ನೋಡ್ಕೋ. ಈ ತಿಂಗಳ ಕೊನೆಗೂ ಹೀಗೇ ಆದ್ರೆ ನೀನು ಒಳಗೆ ಕೌಂಟರಲ್ಲಿ ಕೂತ್ಕೋಬೇಕಾಗತ್ತೆ. ಆ ದಾರಿ ಬೇರೆಯವರಿಗೆ ಕೊಡ್ತೀನಿ."

ಕೌಂಟರಿನ ಕುರ್ಚಿ ಮೆತ್ತಗಿತ್ತು, ಮೇಲೆ ಫ್ಯಾನು ತಿರುಗುತ್ತಿತ್ತು. ಆದರೆ ಹದಿನಾಲ್ಕು ಮನೆಗಳ ಬಾಗಿಲು, ಆ ಬಾಗಿಲುಗಳಲ್ಲಿ ಅವಳಿಗಾಗಿಯೇ ಹೊಟ್ಟೆ ಖಾಲಿ ಇಟ್ಟುಕೊಂಡು ಕಾದಿರುವ ಮುಖಗಳು, ಇವಿಲ್ಲದ ಬೆಳಗನ್ನು ಸೂಜಿಯಕ್ಕ ಊಹಿಸಲಾರದೆ ಹೋದಳು. ಹೊರಗೆ ಬಂದಾಗ ಟ್ಯೂಬುಗಳನ್ನು ತಿರುಗಿಸುವ ಯಂತ್ರದ ಉಸ್ತುವಾರಿ ನೋಡುವವನು ಎದುರಾದ. ಅವನನ್ನು ಎಲ್ಲರೂ ಗಿರಗಿಟ್ಲೆ ಎಂದೇ ಕರೆಯುತ್ತಿದ್ದರು. "ಒಳಗೆ ಬಂದ್ಬಿಡಕ್ಕ, ಫ್ಯಾನ್ ಕೆಳಗೆ ಆರಾಮಾಗಿ ಕೂತ್ಕೋ. ಬಿಸಿಲು ಯಾಕೆ ನಿಂಗೆ?" ಎಂದ. ಮಾತು ಅಕ್ಕರೆಯದಾಗಿತ್ತು. ಅದಕ್ಕೇ ಅವಳಿಗೆ ಅನುಮಾನ ಬಂತು. ಇವನೂ ಹಿಂದೆ ಬೈಕಿನಲ್ಲಿ ಸ್ಯಾಂಪಲ್ ತರುತ್ತಿದ್ದವನು. ಬಿದ್ದು ಮೊಣಕಾಲು ಮುರಿದ ಮೇಲೆ ಒಳಗೆ ಸೇರಿದವನು. ಈಗ ಮೊಣಕಾಲು ಸರಿಹೋಗಿದೆ. ಟ್ಯೂಬು ಹಾಕುವವನು ಇವನು, ತೆಗೆಯುವವನು ಇವನು, ಕೆಟ್ಟಿದೆ ಎಂದು ಬರೆಯುವವನೂ ಇವನೇ. ಬೇಲಿಯೇ ಎದ್ದು ಹೊಲ ಮೇಯುತ್ತಿಲ್ಲವೆಂದು ಹೇಳುವವರು ಯಾರು?

ಆದರೂ ಸ್ಕೂಟರಿನ ಪರವಾಗಿ ವಾದಿಸಲು ಅವಳಲ್ಲಿ ಹುರುಳಿರಲಿಲ್ಲ. ಆ ವಾರದಲ್ಲಿಯೇ ಅದರ ಬ್ರೇಕಿನ ತಂತಿ ಎರಡು ಸಲ ಹರಿದಿತ್ತು. ಹನ್ನೆರಡು ಸಲ ಒದೆಯದೆ ಅದು ಎಚ್ಚರಗೊಳ್ಳುತ್ತಿರಲಿಲ್ಲ. ಬೇರೆ ಗಾಡಿ ಬೇಕೇ ಬೇಕು. ಯಾವುದು ಎಂಬುದೊಂದೇ ಪ್ರಶ್ನೆ.

ಪ್ರಶ್ನೆ ಒಂದಾದರೂ ಉತ್ತರ ಹೇಳುವವರಿಗೆ ಬರವಿರಲಿಲ್ಲ. ಮೊದಲು ಬಂದವನು ಮೈದುನ. ಅವನು ಬೈಕಿನ ಶೋರೂಮಿನಲ್ಲಿ ಮಾರಾಟಕ್ಕೆ ನಿಲ್ಲುವವನು.

"ಅತ್ತಿಗೆ, ಕಣ್ಣು ಮುಚ್ಕೊಂಡು ಈ ಕೆಂಪು ಗಾಡಿ ತಗೊಳ್ಳಿ. ಹಿಂದೆ ಒಂದೇ ದಪ್ಪ ಶಾಕ್ಅಬ್ಸಾರ್ಬರು. ಗುಂಡಿಗೆ ಇಳಿದರೆ ಗುಂಡಿಗೇ ನಾಚಿಕೆ ಆಗಬೇಕು."

"ಕಣ್ಣು ಮುಚ್ಕೊಂಡು ತಗೊಳ್ಳೋದಾದ್ರೆ ಬಣ್ಣ ಯಾಕೆ ಹೇಳ್ತೀಯಪ್ಪ?"

"ಅಯ್ಯೋ, ನಿಮಗೆ ಮೋಸ ಮಾಡ್ತೀನಾ?"

"ಮಾಡ್ತೀಯ ಅಂದಿಲ್ಲ. ನಿಮ್ಮ ಶೋರೂಮಲ್ಲಿ ಈ ತಿಂಗಳು ಎಷ್ಟು ಕೆಂಪು ಗಾಡಿ ಖಾಲಿ ಮಾಡಬೇಕು ಅಂತ ಹೇಳಿದ್ದಾರೆ?"

ಮೈದುನ ಕೆಮ್ಮಿದ. ಆ ಕೆಮ್ಮನ್ನು ಸೂಜಿಯಕ್ಕ ಉತ್ತರವೆಂದೇ ಗಣಿಸಿದಳು.

ಎರಡನೆಯವನು ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್. ಅವನ ಅಂಗಡಿಯ ಮುಂದೆ ಒಬ್ಬರು ಓಡಿಸಿ ಬಿಟ್ಟ ಸಣ್ಣ ಕಪ್ಪು ಬೈಕೊಂದು ನಿಂತಿತ್ತು. "ಅಕ್ಕ, ದಿನಾ ಓಡಿಸೋ ಗಾಡಿ ಹೆಂಡ್ತಿ ಥರ ಅಲ್ಲ, ಚಪ್ಪಲಿ ಥರ ಇರಬೇಕು, ಕಾಲಲ್ಲಿದೆ ಅಂತಾನೇ ಗೊತ್ತಾಗಬಾರದು. ಸ್ಕೂಟರಿಗೆ ಚಕ್ರ ಚಿಕ್ಕದು, ಪ್ರತಿ ಗುಂಡೀಲೂ ಬೀಳತ್ತೆ. ಇದರ ಚಕ್ರ ದೊಡ್ಡದು, ಗುಂಡಿ ದಾಟ್ಕೊಂಡು ಹೋಗತ್ತೆ. ಮೆತ್ತಗೆ ಎಳೆಯತ್ತೆ, ಮೆತ್ತಗೆ ನಿಲ್ಲತ್ತೆ" ಎಂದ.

"ಅಷ್ಟು ಒಳ್ಳೇದಾದ್ರೆ ಮಾರಿದವರು ಯಾಕೆ ಮಾರಿದ್ರು?"

"ಕಾರು ತಗೊಂಡ್ರಕ್ಕ."

"ಕಾರು ತಗೊಂಡಿದ್ದು ನೀ ನೋಡಿದ್ಯಾ, ಅವರು ಹೇಳಿದ್ದಾ?"

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪಾನರನ್ನು ಕೆಳಗಿಟ್ಟು ಕೈ ಮುಗಿದ. ಹೆಂಡತಿಯ ಹೋಲಿಕೆಯನ್ನು ಕೇಳಿಸಿಕೊಂಡ ಅವನ ಹೆಂಡತಿ ಒಳಗಿನಿಂದ "ಚಪ್ಪಲೀನೂ ಇದೆ ಇಲ್ಲಿ, ಬೇಕಾ?" ಎಂದಳು. ಸೂಜಿಯಕ್ಕ ನಗಲಿಲ್ಲ. ಅವಳು ಬಗ್ಗಿ ಇಂಜಿನಿನ ಕೆಳಭಾಗವನ್ನು ಬೆರಳಿನಿಂದ ಒರೆಸಿ ನೋಡುತ್ತಿದ್ದಳು. ಎಣ್ಣೆ ಇರಲಿಲ್ಲ. ಇಷ್ಟು ಸ್ವಚ್ಛವಾಗಿರುವುದೆಂದರೆ ಈಗತಾನೇ ಒರೆಸಿಟ್ಟಿರಬೇಕು ಎಂದುಕೊಂಡಳು.

ಮೂರನೆಯವನು ಕಟ್ಟಿಕೊಂಡ ಗಂಡ. ಅವನ ಗೆಳೆಯನೊಬ್ಬನ ಬಳಿ ಬೂದು ಬಣ್ಣದ ಭಾರಿ ಬೈಕು ಇತ್ತು. ಗೆಳೆಯ ಅದನ್ನು ಕೊಡಲು ಸಿದ್ಧನಿದ್ದ. "ತೂಕದ ಗಾಡಿ ಕಣೆ. ಆನೆ ನಡೆದ ಹಾಗೆ ಹೋಗತ್ತೆ. ತೂಕ ಇದ್ದಷ್ಟು ಕುಲುಕು ಕಡಿಮೆ" ಎಂದು ಅವನು ಎರಡು ದಿನ ಹೇಳಿದ. ಮೂರನೆಯ ದಿನ ಕನ್ನಡಿಯ ಮುಂದೆ ಕಪ್ಪು ಕನ್ನಡಕವನ್ನು ಹಾಕಿಕೊಂಡು ನೋಡುತ್ತಿದ್ದವನು ಅವಳ ಕೈಗೆ ಸಿಕ್ಕಿಬಿದ್ದ.

"ಗಾಡಿ ನನಗೋ ನಿಮಗೋ?"

"ನಿನಗೇ ಕಣೆ. ಭಾನುವಾರ ಮಾತ್ರ..."

"ಗೊತ್ತಾಯ್ತು ಬಿಡಿ."

ಹೀಗೆ ಮೂರು ಬೈಕುಗಳು, ಮೂರು ಬಾಯಿಗಳು. ಪ್ರತಿ ಬಾಯಿಯ ಹಿಂದೆಯೂ ಒಂದೊಂದು ಸ್ವಾರ್ಥ. ಬಾಯನ್ನು ನಂಬಲಾಗದಿದ್ದಾಗ ಯಾರನ್ನು ಕೇಳಬೇಕು? ಸೂಜಿಯಕ್ಕ ಮೂರು ದಿನ ಯೋಚಿಸಿದಳು. ಆಮೇಲೆ ಅವಳಿಗೆ ಹೊಳೆದ ಉಪಾಯ, ರಕ್ತವನ್ನು ಹೊತ್ತು ತಿರುಗುವ ಕಸುಬಿನವರಿಗಲ್ಲದೆ ಬೇರೆ ಯಾರಿಗೂ ಹೊಳೆಯತಕ್ಕದ್ದಲ್ಲ. ರಕ್ತವನ್ನೇ ಕೇಳಬೇಕು. ಅದಕ್ಕೆ ಶೋರೂಮಿನ ಹಂಗಿಲ್ಲ, ಭಾನುವಾರದ ಆಸೆಯಿಲ್ಲ. ಯಾವ ಬೈಕು ಹೆಚ್ಚು ಕುಲುಕುವುದೋ ಅದರ ಮೇಲೆ ಹೋದ ರಕ್ತ ಒಡೆಯುತ್ತದೆ. ಯಾವುದು ಕುಲುಕದೋ ಅದರ ರಕ್ತ ತಿಳಿಯಾಗಿ ನಿಲ್ಲುತ್ತದೆ.

ರಜೆಯ ದಿನ ಬೆಳಿಗ್ಗೆ ಗಂಡನನ್ನು ಕುರ್ಚಿಯ ಮೇಲೆ ಕೂರಿಸಿ ತೋಳನ್ನು ಮೇಜಿನ ಮೇಲಿರಿಸಿದಳು.

"ಹೆಸರು ಹೇಳಿ."

"ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೀಯ!"

"ಹೆಸರು ಹೇಳಿ, ಹುಟ್ಟಿದ ತಾರೀಕು ಹೇಳಿ."

ಅವನು ಹೇಳಿದ. ಅವಳು ಒಂದೇ ಚುಚ್ಚಿಗೆ ನಾಲ್ಕು ಟ್ಯೂಬಿಗಾಗುವಷ್ಟು ರಕ್ತವನ್ನು ಸಿರಿಂಜಿಗೆ ಎಳೆದುಕೊಂಡಳು. "ನಾನೇನು ಬೋರ್‌ವೆಲ್ಲಾ?" ಎಂದು ಅವನು ಗೊಣಗಿದನಾದರೂ ನೋವಾಯಿತೆಂದು ಹೇಳಲಿಲ್ಲ. ಅದನ್ನು ನಾಲ್ಕು ಟ್ಯೂಬಿಗೂ ತುಂಬಿ, ತಳಕ್ಕೆ ಉಗುರುಬಣ್ಣದಿಂದ ಗುರುತಿಟ್ಟಳು: ಒಂದು ಚುಕ್ಕೆ ಕೆಂಪು ಬೈಕಿಗೆ, ಎರಡು ಕಪ್ಪಿಗೆ, ಮೂರು ಬೂದು ಬೈಕಿಗೆ. ನಾಲ್ಕನೆಯದಕ್ಕೆ ಚುಕ್ಕೆಯಿಲ್ಲ. ಅದು ಯಾವ ಗಾಡಿಯನ್ನೂ ಹತ್ತದೆ ಮನೆಯಲ್ಲಿಯೇ ಇರತಕ್ಕದ್ದು, ಉಳಿದ ಮೂರಕ್ಕೆ ಸಾಕ್ಷಿಯಾಗಿ. ಅದನ್ನು ಬೇರೊಂದು ಐಸ್ ಡಬ್ಬಿಯಲ್ಲಿ ನಿಲ್ಲಿಸಿ ಗಂಡನ ಗಡಿಯಾರದ ಕಪಾಟಿನಲ್ಲಿ ಇರಿಸಿ, ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಮೂರು ಬೈಕುಗಳೂ ಗ್ಯಾರೇಜಿನ ಮುಂದೆ ಬಂದು ನಿಂತಿದ್ದವು. ಮೈದುನ, ಮೆಕ್ಯಾನಿಕ್, ಬೂದು ಬೈಕಿನ ಗೆಳೆಯನ ಬದಲಿಗೆ ಗಂಡ, ಮೂವರೂ ಮಗಳ ಪರೀಕ್ಷೆಯ ದಿನ ಶಾಲೆಯ ಹೊರಗೆ ನಿಂತ ತಂದೆಯರಂತೆ ನಿಂತಿದ್ದರು. ಒಂದೊಂದು ಬೈಕಿನ ಹಿಂದೆಯೂ ಅದರದರ ಟ್ಯೂಬು, ದಾರಿ ಮಾತ್ರ ಒಂದೇ: ನೀರಿನ ಟ್ಯಾಂಕಿನಿಂದ ರೈಲು ಗೇಟಿನವರೆಗೆ ಹೋಗಿ ತಿರುಗಿ ಬರುವುದು. ಒಂಬತ್ತು ಹಂಪುಗಳು, ಪೈಪು ಹಾಕಲು ಅಗೆದು ಮುಚ್ಚದ ಒಂದು ಫರ್ಲಾಂಗು, ಆಮೇಲೆ ಜಲ್ಲಿ.

ಕೆಂಪು ಬೈಕಿನ ಸೀಟು ಎತ್ತರ. ನಿಂತಾಗ ಅವಳ ಕಾಲ್ಬೆರಳು ಮಾತ್ರ ನೆಲವನ್ನು ಮುಟ್ಟಿತು. ಗುಂಡಿಗಳು ಗೊತ್ತಾಗಲಿಲ್ಲವೆಂಬುದು ನಿಜ. ಆದರೆ ಹ್ಯಾಂಡಲಿಗೆ ಮುಂದಕ್ಕೆ ಬಾಗಿ ಕೂತು ಅವಳ ಸೊಂಟ ಹಿಡಿದುಕೊಂಡಿತು. ಕಪ್ಪು ಬೈಕು ಹೇಳಿದಂತೆ ನಡೆಯಿತು, ಹೇಳಿದಂತೆ ನಿಂತಿತು. ಆ ವಿಧೇಯತೆಯೇ ಅವಳಿಗೆ ಸರಿಬರಲಿಲ್ಲ. ಬೂದು ಬೈಕು ನಿಜಕ್ಕೂ ಆನೆಯಂತಿತ್ತು: ನಡೆಯುವಾಗ ಗಂಭೀರ, ರೈಲು ಗೇಟಿನ ಬಳಿ ತಿರುಗಿಸಬೇಕಾದಾಗ ಹಠಮಾರಿ. ಅಲ್ಲಿ ಅದು ಓಲಿದಾಗ ಇಬ್ಬರು ದಾರಿಹೋಕರು ಹಿಡಿದು ನಿಲ್ಲಿಸಬೇಕಾಯಿತು. ಈ ಯಾವುದನ್ನೂ ಅವಳು ಬಾಯಿಬಿಟ್ಟು ಹೇಳಲಿಲ್ಲ. ತೀರ್ಪನ್ನು ಕೊಡಬೇಕಾದದ್ದು ಟ್ಯೂಬು.

ನಾಲ್ಕು ಟ್ಯೂಬುಗಳನ್ನೂ ಹಿಡಿದು ಲ್ಯಾಬಿಗೆ ನಡೆದೇ ಹೊರಟಾಗ ಗಂಡನೂ ಹಿಂದೆಯೇ ಬಂದ. ತನ್ನ ರಕ್ತ ಏನಾಗುವುದೆಂದು ನೋಡುವ ಹಕ್ಕು ತನಗಿದೆಯೆಂದ. ಮಧ್ಯಾಹ್ನದ ಲ್ಯಾಬಿನಲ್ಲಿ ಗಿರಗಿಟ್ಲೆ ಒಬ್ಬನೇ ಇದ್ದ. ಯಾವುದು ಯಾವ ಬೈಕಿನದೆಂದು ಅವಳು ಹೇಳಲಿಲ್ಲ. ಅವನು ಯಂತ್ರದಲ್ಲಿ ಅವನ್ನೂ ಅಲ್ಲೇ ಇದ್ದ ಬೇರೆ ಎರಡು ಟ್ಯೂಬುಗಳನ್ನೂ ಎದುರುಬದುರಾಗಿ ಇಟ್ಟು ಮುಚ್ಚಳವನ್ನು ಹಾಕಿದ. ಅವಳು ಅವನ ಕೈಯನ್ನೇ ನೋಡುತ್ತ ನಿಂತಳು.

"ಏನಕ್ಕ, ಜೇಬುಗಳ್ಳನ್ನ ನೋಡೋ ಹಾಗೆ ನೋಡ್ತೀಯ?"

"ನೋಡಿದ್ರೆ ಸವೆಯಲ್ಲ, ತಿರುಗಿಸು."

ಯಂತ್ರ ನಿಂತಿತು. ಗಿರಗಿಟ್ಲೆ ಟ್ಯೂಬುಗಳನ್ನು ಒಂದೊಂದಾಗಿ ತೆಗೆದು ಬಿಳಿಯ ಗೋಡೆಗೆದುರಾಗಿ ಹಿಡಿದ. ಮೊದಲನೆಯದು ಗುಲಾಬಿ. ಎರಡನೆಯದು ಗುಲಾಬಿ. ಮೂರನೆಯದೂ ಅದೇ. ನಾಲ್ಕನೆಯದನ್ನು ಸೂಜಿಯಕ್ಕ ತಾನೇ ಕಿತ್ತುಕೊಂಡು ತಳವನ್ನು ನೋಡಿದಳು. ಚುಕ್ಕೆಯಿರಲಿಲ್ಲ. ಮನೆಯ ಕಪಾಟಿನಿಂದ ಅಲುಗದೆ ಇದ್ದದ್ದು, ಕೀಲಿ ಅವಳ ಸೆರಗಿನಲ್ಲಿಯೇ ಇದ್ದದ್ದು. ಅದೂ ಗುಲಾಬಿ.

ಒಂದು ಗಳಿಗೆ ಅವಳಿಗೆ ಸಂತೋಷವೇ ಆಯಿತೆಂದರೆ ಓದುವವರು ನಂಬಬೇಕು. ಕಳ್ಳ ಸಿಕ್ಕಿದನೆಂಬ ಸಂತೋಷ ಅದು.

"ಇದು ಗಾಡಿ ಹತ್ತೇ ಇಲ್ಲ. ಹಾಗಾದ್ರೆ ಒಡೆದಿದ್ದು ಎಲ್ಲಿ? ಇಲ್ಲಿ. ನಿನ್ನ ಮಷೀನಲ್ಲಿ" ಎಂದಳು.

ಗಿರಗಿಟ್ಲೆ ಯಂತ್ರದಲ್ಲಿ ಉಳಿದಿದ್ದ ಆ ಬೇರೆ ಎರಡು ಟ್ಯೂಬುಗಳನ್ನು ಎತ್ತಿ ತೋರಿಸಿದ. ಅವೂ ಅದೇ ಸುತ್ತಿನಲ್ಲಿ ತಿರುಗಿದ್ದವು. ಕೌಂಟರಿಗೆ ಬಂದವರಿಂದ ಅವನೇ ತೆಗೆದ ರಕ್ತ. ಎರಡರಲ್ಲಿಯೂ ನೀರು ಒಣಹುಲ್ಲಿನ ಬಣ್ಣಕ್ಕೆ ತಿಳಿಯಾಗಿ ನಿಂತಿತ್ತು.

"ಹಾಗಾದ್ರೆ ನಮ್ಮನೆಯವರ ರಕ್ತವೇ ಕೆಟ್ಟದ್ದಿರಬೇಕು" ಎಂದಳು. ಹೇಳಿದ ಮೇಲೆ ಅವಳಿಗೇ ಭಯವಾಯಿತು. ಗಂಡನ ಮುಖದ ಕಳೆ ಇಳಿಯಿತು.

"ಅದೂ ನೋಡೇ ಬಿಡೋಣ" ಎಂದು ಗಿರಗಿಟ್ಲೆ ಗಂಡನನ್ನು ಕೂರಿಸಿದ. "ಅಣ್ಣ, ಎಡಗೈ ಕೊಡಿ, ನಾನು ತೆಗೀತೀನಿ. ಆಮೇಲೆ ಬಲಗೈಲಿ ಅಕ್ಕ ತೆಗೀಲಿ. ನನ್ನ ಮುಂದೆ."

ಇದೊಂದು ಬಲೆಯೆಂದು ಸೂಜಿಯಕ್ಕನಿಗೆ ತೋರಿತು. ಆದರೆ ಬಲೆ ಯಾವ ಕಡೆಯಿಂದ ಬೀಳುತ್ತದೆಂಬುದು ಕಾಣಲಿಲ್ಲ. ಗಿರಗಿಟ್ಲೆ ಲ್ಯಾಬಿನ ಸಾಧಾರಣ ಸೂಜಿಯಿಂದ ಚುಚ್ಚಿದ. ಗಂಡ "ಸ್ಸ್" ಎಂದ. ಒಳಗೆ ಗಾಳಿಯಿಲ್ಲದ ಟ್ಯೂಬನ್ನು ಹಿಡಿಕೆಗೆ ಸೇರಿಸಿದಾಗ ರಕ್ತ ತಾನಾಗಿಯೇ, ತನ್ನ ವೇಗದಲ್ಲಿ, ಒಳಕ್ಕೆ ಇಳಿಯಿತು. ಆಮೇಲೆ ಸೂಜಿಯಕ್ಕನ ಸರದಿ. ಅವಳು ತನ್ನ ಚೀಲದಿಂದ ಕೂದಲೆಳೆಯಂಥ ಸೂಜಿಯ ಸಿರಿಂಜನ್ನು ತೆಗೆದಳು. ಗಂಡನಿಗೆ ಚುಚ್ಚಿದ್ದು ತಿಳಿಯಲೇ ಇಲ್ಲ. ಸಿರಿಂಜು ತುಂಬಿದ ಮೇಲೆ ಅದೇ ಸೂಜಿಯನ್ನು ಟ್ಯೂಬಿನ ರಬ್ಬರು ಮುಚ್ಚಳಕ್ಕೆ ಚುಚ್ಚಿ ಹೆಬ್ಬೆರಳಿನಿಂದ ಒತ್ತಿದಳು. ದಾರಿ ಸಣ್ಣದು, ಒತ್ತಿದರೆ ಹೊರತು ಬೇಗ ಇಳಿಯದು. ಬೇಗ ಇಳಿಯದಿದ್ದರೆ ಮುಂದಿನ ಮನೆಗೆ ತಡವಾಗುತ್ತದೆ. ಅಭ್ಯಾಸಬಲದಿಂದ ಅವಳ ಹೆಬ್ಬೆರಳು ಗಟ್ಟಿಯಾಗಿ ಒತ್ತಿತು. ರಕ್ತ ಟ್ಯೂಬಿನೊಳಕ್ಕೆ ಚಿಮ್ಮಿ ಗಾಜಿಗೆ ಬಡಿದು ನೊರೆಗಟ್ಟಿತು.

ಗಿರಗಿಟ್ಲೆ ಆ ನೊರೆಯನ್ನು ನೋಡಿದ. ಸೂಜಿಯಕ್ಕನೂ ನೋಡಿದಳು. ಯಂತ್ರ ತಿರುಗುವುದಕ್ಕೆ ಮೊದಲು ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಕಾಯಬೇಕಾಗಿತ್ತು. ಅದು ಕಳೆದ ಮೇಲೆ ಗಿರಗಿಟ್ಲೆ ಎರಡನ್ನೂ ತಿರುಗಿಸಿದ.

ಎಡಗೈಯ ರಕ್ತ ತಿಳಿ. ಬಲಗೈಯದು ಗುಲಾಬಿ.

ಹತ್ತೊಂಬತ್ತು ವರ್ಷ ಜಗತ್ತಿನಲ್ಲಿ ಎಲ್ಲರನ್ನೂ ಹೆಸರು ಕೇಳಿ, ತಾರೀಕು ಕೇಳಿ, ಮುಖ ನೋಡಿ ಒಳಗೆ ಬಿಟ್ಟವಳು ಒಂದು ಹೆಬ್ಬೆರಳನ್ನು ಮಾತ್ರ ಏನೂ ಕೇಳದೆ ಬಿಟ್ಟಿದ್ದಳು. ನಾಲ್ಕು ತಿಂಗಳ ಹಿಂದೆ ಟೀಚರಮ್ಮ, ವಾರವಾರದ ಚುಚ್ಚಿಗೆ ತೋಳೆಲ್ಲ ನೀಲಿಯಾಗಿ, "ಇನ್ನು ಆಗಲ್ಲ ಕಣೆ" ಎಂದು ಅತ್ತಿದ್ದಳು. ಕರುಳು ತಡೆಯದೆ ಸೂಜಿಯಕ್ಕ ಹಸುಗೂಸುಗಳಿಗೆಂದು ಇಟ್ಟಿದ್ದ ಸಣ್ಣ ಸೂಜಿಯನ್ನು ತೆಗೆದಿದ್ದಳು. ಟೀಚರಮ್ಮ ಬೀದಿಗೆಲ್ಲ ಹೇಳಿದಳು; ಬೀದಿಯವರೆಲ್ಲ ಆ ಬಗೆಯ ಸೂಜಿಯನ್ನೇ ಕೇಳಿದರು; ಇವಳು ಎಲ್ಲರಿಗೂ ಅದನ್ನೇ ಹಿಡಿದಳು. ದಯೆಯಿಂದ ಹುಟ್ಟಿದ ತಪ್ಪು ದಯೆಯ ವೇಷದಲ್ಲಿಯೇ ತಿರುಗುತ್ತದೆ. ಅದಕ್ಕೆ ಬಾಗಿಲಲ್ಲಿ ಹೆಸರು ಕೇಳುವವರು ಯಾರೂ ಇರುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಗಂಡ ಈಗ ಹೇಳುತ್ತಾನೆಂದು ಅವಳು ಕಾದಳು. ಅವನು ಹೇಳಲಿಲ್ಲ, ಎರಡೂ ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು ಕಿಟಕಿಯ ಕಡೆಗೆ ನೋಡುತ್ತಿದ್ದ. ಅವನು ಹೇಳದೆ ಇದ್ದದ್ದೂ ಅವಳಿಗೆ ಅನುಮಾನವನ್ನೇ ತಂದಿತು.

ಗಿರಗಿಟ್ಲೆ ದನಿ ತಗ್ಗಿಸಿದ. "ಅಕ್ಕ, ನಾಳೆಯಿಂದ ಸೂಜಿ ಬದಲಾಯಿಸಿಬಿಡು, ಅಷ್ಟೇ. ಹೊಸ ಗಾಡೀನೂ ಬರತ್ತೆ. ಗಾಡಿ ಬಂತು, ಸ್ಯಾಂಪಲ್ ಸರಿಹೋಯ್ತು ಅಂತ ಡಾಕ್ಟರಮ್ಮ ತಿಳ್ಕೋತಾರೆ. ನಾನು ಯಾರಿಗೂ ಹೇಳಲ್ಲ."

ಎಷ್ಟು ನುಣುಪಾದ ದಾರಿ! ಒಂದು ಹಂಪಿಲ್ಲ, ಒಂದು ಗುಂಡಿಯಿಲ್ಲ. ಹಳೆಯ ಸ್ಕೂಟರು ಅಪವಾದವನ್ನು ಹೊತ್ತುಕೊಂಡು ಗುಜರಿಗೆ ಹೋಗುತ್ತದೆ; ಅದಕ್ಕೆ ಬಾಯಿಲ್ಲ. ಹದಿನಾಲ್ಕು ಮನೆಗಳೂ ಉಳಿಯುತ್ತವೆ. ಇವನು ಏಕೆ ಇಷ್ಟು ಒಳ್ಳೆಯವನಾಗುತ್ತಿದ್ದಾನೆ ಎಂದು ಅವಳು ಮೊದಲು ಸಂಶಯಪಟ್ಟಳು. ಆಮೇಲೆ, ತನಗೆ ಈ ಮಾತು ಇಷ್ಟು ಹಿತವಾಗಿ ಕೇಳುತ್ತಿರುವುದೇಕೆ ಎಂದು ಸಂಶಯಪಟ್ಟಳು. ಎರಡನೆಯ ಸಂಶಯ ಅವಳಿಗೆ ಹೊಸದು. ಮನುಷ್ಯನ ಒಳಗೆ ಕುಳಿತು ಎಲ್ಲವನ್ನೂ ನೋಡುವವನು ಸಾಮಾನ್ಯವಾಗಿ ಸುಮ್ಮನಿರುತ್ತಾನೆ. ಅಂದು ಅವನು ಒಂದು ಹೆಸರನ್ನು ಕೇಳಿದ. ಟೀಚರಮ್ಮನ ಹೆಸರನ್ನು.

"ಪೂರ್ತಿ ಗುಲಾಬಿ ಆಗಿದ್ದನ್ನ ನೀನು ತಳ್ಳಿದೆ. ಸ್ವಲ್ಪ ಗುಲಾಬಿ ಆಗಿದ್ದು?" ಎಂದು ಅವಳು ಕೇಳಿದಳು.

ಗಿರಗಿಟ್ಲೆ ತಲೆ ಕೆರೆದುಕೊಂಡ. "ತೀರಾ ಸ್ವಲ್ಪ ಇದ್ರೆ ಕಣ್ಣಿಗೆ ಕಾಣಲ್ಲ ಅಕ್ಕ. ಮುಂದೆ ಹೋಗತ್ತೆ."

"ಹೋದ್ರೆ, ಒಡೆದ ಕಣದಿಂದ ಸೋರಿದ್ದೂ ಸೇರಿ ಪೊಟ್ಯಾಸಿಯಂ ಜಾಸ್ತಿ ಬರತ್ತೆ."

"ಬರತ್ತೆ."

ಟೀಚರಮ್ಮನಿಗೆ ಎರಡು ತಿಂಗಳಿಂದ ಅದೇ ಜಾಸ್ತಿ ಬರುತ್ತಿತ್ತು. ಅದನ್ನು ತಗ್ಗಿಸಲೆಂದು ಅವಳ ಡಾಕ್ಟರು ಹಣ್ಣು ತಿನ್ನುವುದನ್ನು ಬಿಡಿಸಿದ್ದರು, ತರಕಾರಿಯನ್ನು ಎರಡು ಸಲ ಬೇಯಿಸಿ ನೀರು ಚೆಲ್ಲಿ ತಿನ್ನಲು ಹೇಳಿದ್ದರು, ಔಷಧಿಯನ್ನು ಏರಿಸಿದ್ದರು. "ಲೆಕ್ಕ ತಪ್ಪಲ್ಲ ಕಣೆ, ಮೈಯೇ ತಪ್ಪಿದೆ" ಎಂದು ಆ ಗಣಿತದ ಟೀಚರು ಹೋದ ವಾರ ಹೇಳಿದ್ದಳು.

ಸೂಜಿಯಕ್ಕ ಎರಡು ಟ್ಯೂಬುಗಳನ್ನೂ ಕೈಯಲ್ಲಿ ಹಿಡಿದುಕೊಂಡು, ಸಂಜೆಯ ರೋಗಿಗಳನ್ನು ನೋಡಲು ಬಂದ ಡಾಕ್ಟರಮ್ಮನ ಕೋಣೆಗೆ ಹೋದಳು. ಕೂತುಕೊಳ್ಳಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದಳು.

ಡಾಕ್ಟರಮ್ಮ ಟ್ಯೂಬುಗಳನ್ನು ಬೆಳಕಿಗೆ ಹಿಡಿದು ನೋಡಿದಳು. "ಇದನ್ನ ನೀನು ಹೇಳದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ."

"ಗೊತ್ತು. ಟೀಚರಮ್ಮಂದು ನಾಳೆ ಮತ್ತೆ ತೆಗೀಬೇಕು. ಅವರ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ನನ್ನ ಕಳಿಸ್ತೀರೋ ಬೇರೆಯವರನ್ನ ಕಳಿಸ್ತೀರೋ ನಿಮಗೆ ಬಿಟ್ಟಿದ್ದು."

"ಹದಿನಾಲ್ಕು ಮನೇದೂ ಮತ್ತೆ ತೆಗೀಬೇಕಲ್ಲ."

"ಹೌದು."

"ಜನ ಬೈತಾರೆ."

"ಬೈಯ್ಲಿ."

ಡಾಕ್ಟರಮ್ಮ ಫೋನನ್ನು ಕೈಗೆತ್ತಿಕೊಂಡಳು. "ನೀನೇ ಹೋಗು. ತಿಂಗಳ ಕೊನೆಯ ಮಾತು ಹಾಗೇ ಇದೆ, ಆಗ ನೋಡೋಣ. ಮತ್ತೆ ಆ ಸ್ಕೂಟರ್ ತರಬೇಡ. ರಕ್ತ ಒಡೆಯದೇ ಇರಬಹುದು, ನಿನ್ನ ತಲೆ ಒಡೆಯತ್ತೆ."

ಹಾಗೆ ಬೈಕಿನ ಪ್ರಶ್ನೆ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿತು. ರಕ್ತ ತೀರ್ಪು ಕೊಡಲು ಒಪ್ಪದೆ ಹೋದ ಮೇಲೆ ಉಳಿದ ಸಾಕ್ಷಿಯೆಂದರೆ ಅವಳ ಕಾಲು, ಸೊಂಟ, ಕೈ. ಅವುಗಳನ್ನಾದರೂ ನಂಬಬಹುದೇ ಎಂದು ಅವಳು ದಾರಿಯುದ್ದಕ್ಕೂ ಯೋಚಿಸಿದಳು. ಇಂದು ಕೈಯೊಂದು ಮೋಸ ಮಾಡಿದೆ. ಗ್ಯಾರೇಜಿನ ಮುಂದೆ ಮೂರು ಬೈಕುಗಳೂ ಇನ್ನೂ ನಿಂತಿದ್ದವು. ಅವಳು ಐಸ್ ಡಬ್ಬಿಗೆ ನೀರನ್ನು ತುಂಬಿ ಒಂದೊಂದರ ಹಿಂದೆಯೂ ಕಟ್ಟಿದಳು. ಒಂದೊಂದನ್ನೂ ಜೋರಾಗಿ ಓಡಿಸಿ ಒಮ್ಮೆಲೇ ಬ್ರೇಕು ಹಿಡಿದು, ನಿಂತಾಗ ಎರಡೂ ಪಾದಗಳು ನೆಲದ ಮೇಲೆ ಸಪಾಟಾಗಿ ಇವೆಯೇ ಎಂದು ಬಗ್ಗಿ ನೋಡಿದಳು. ಹದಿನಾಲ್ಕು ಸಲ ಇಳಿದಳು, ಹದಿನಾಲ್ಕು ಸಲ ಹತ್ತಿದಳು. ದಿನವೂ ಅವಳು ಮಾಡಬೇಕಾದದ್ದು ಅಷ್ಟೇ ತಾನೇ. ಬೂದು ಬೈಕಿನಲ್ಲಿ ಐದನೆಯ ಸಲಕ್ಕೆ ತೊಡೆ ನಡುಗಿತು. ಕೆಂಪಿನ ಮೇಲೆ ಡಬ್ಬಿ ನಿಲ್ಲದೆ ವಾಲಿತು. ಕಪ್ಪು ಬೈಕಿನಲ್ಲಿ ಹದಿನಾಲ್ಕೂ ಮುಗಿದವು.

"ಇದೇ ಇರಲಿ" ಎಂದಳು.

ಮೆಕ್ಯಾನಿಕ್ ಮುಖ ಅರಳಿಸಿದ. "ನಾ ಮೊದಲೇ ಹೇಳಿರ್ಲಿಲ್ವಾ ಅಕ್ಕ?"

"ಹೇಳಿದ್ದೆ. ಅದಕ್ಕೇ ಮೂರು ದಿನ ತಡವಾಯ್ತು."

ಮೈದುನ ಮುಖ ಊದಿಸಿಕೊಂಡು ಹೋದ. ಗಂಡ ಕಪ್ಪು ಕನ್ನಡಕವನ್ನು ಜೇಬಿಗೆ ಸೇರಿಸಿ, "ಇದನ್ನೂ ಭಾನುವಾರ ಓಡಿಸಬಹುದಲ್ಲ?" ಎಂದು ಕೇಳಿದ. ಅವಳು ಉತ್ತರವನ್ನು ಕೊಡದೆ ಕೀಲಿಯನ್ನು ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಮೊದಲು ಹೋದದ್ದು ಟೀಚರಮ್ಮನ ಮನೆಗೆ. ಆ ಮನೆಯಲ್ಲಿ ಕಿಟಕಿಯ ಪಕ್ಕಕ್ಕೆ ಒಂದು ಕುರ್ಚಿ, ಕುರ್ಚಿಯ ಕೈಯ ಮೇಲೆ ಮಡಿಸಿಟ್ಟ ಟವೆಲು, ಪಕ್ಕದ ಮೇಜಿನ ಮೇಲೆ ಬೆಂದು ನೀರು ಚೆಲ್ಲಿದ ತರಕಾರಿಯ ತಟ್ಟೆ. ಸೂಜಿಯಕ್ಕ ಹೆಸರು ಕೇಳಿದಳು, ತಾರೀಕು ಕೇಳಿದಳು. ಪಟ್ಟಿ ಬಿಗಿದು ಸೂಜಿಯ ಪೊಟ್ಟಣವನ್ನು ಒಡೆಯುವ ಮೊದಲು ನಿಂತಳು.

"ಟೀಚರಮ್ಮ, ಇವತ್ತು ನೋವಾಗತ್ತೆ."

"ಯಾಕೆ? ನಿನ್ನ ಕೈಲಿ ನೋವಾಗಲ್ಲವಲ್ಲ."

"ನೋವಾಗದ ಸೂಜಿ ತಪ್ಪಾಗಿತ್ತು. ರಕ್ತ ಒಡೀತಿತ್ತು, ನಾನೂ ಜೋರಾಗಿ ಒತ್ತುತ್ತಿದ್ದೆ. ನಿಮ್ಮ ಲೆಕ್ಕ ಜಾಸ್ತಿ ಬಂದಿದ್ದು ನನ್ನಿಂದ ಇರಬಹುದು. ಎರಡು ತಿಂಗಳಿಂದ."

ಟೀಚರಮ್ಮ ಮೊದಲು ತರಕಾರಿಯ ತಟ್ಟೆಯನ್ನು ನೋಡಿದಳು. ಆಮೇಲೆ ಸೂಜಿಯಕ್ಕನನ್ನು ನೋಡಿದಳು. ಮೂವತ್ತಾರು ವರ್ಷ ನಕಲು ಹೊಡೆಯುವವರನ್ನು ಹಿಡಿದ ಕಣ್ಣು ಅದು. ಆ ಕಣ್ಣಿನ ಮುಂದೆ ಸೂಜಿಯಕ್ಕ ಉತ್ತರಪತ್ರಿಕೆಯನ್ನು ಹಿಡಿದು ನಿಂತ ಹುಡುಗಿಯಂತಾದಳು.

"ಎರಡು ತಿಂಗಳು ಕಿತ್ತಳೆ ಬಿಟ್ಟೆ ನಾನು."

"ಗೊತ್ತು ಟೀಚರಮ್ಮ."

"ಆ ಪೊಟ್ಟಣ ಇಲ್ಲಿ ಕೊಡು."

ಟೀಚರಮ್ಮ ಎದ್ದುಹೋಗಿ ಕನ್ನಡಕವನ್ನು ಹುಡುಕಿ ತಂದು ಹಾಕಿಕೊಂಡಳು. ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲಿದ್ದ ಅಕ್ಷರಗಳನ್ನೂ ಅಂಕಿಗಳನ್ನೂ ಒಂದೊಂದಾಗಿ ಓದಿದಳು. ತಿರುಗಿಸಿ ಹಿಂಭಾಗವನ್ನೂ ಓದಿದಳು. "ಇದು ಯಾವ ಅಳತೆ? ಹಳೇದು ಯಾವುದು? ಒತ್ತದೆ ಹೇಗೆ ತುಂಬತ್ತೆ, ತೋರಿಸು. ಎಷ್ಟು ಹೊತ್ತು ಹಿಡಿಯತ್ತೆ?" ಎಂದು ಕೇಳಿದಳು. ಸೂಜಿಯಕ್ಕ ಒಂದೊಂದಕ್ಕೂ ಉತ್ತರವನ್ನು ಹೇಳಿದಳು. ತನ್ನನ್ನು ಯಾರಾದರೂ ಹೀಗೆ ಕೇಳಿದ್ದು ಹತ್ತೊಂಬತ್ತು ವರ್ಷಗಳಲ್ಲಿ ಇದೇ ಮೊದಲು. ಪ್ರಶ್ನೆ ಕೇಳಿಸಿಕೊಳ್ಳುವುದು ಎಷ್ಟು ಇರಿಯುತ್ತದೆಂಬುದೂ ಅವಳಿಗೆ ತಿಳಿದದ್ದು ಅಂದೇ. ಆದರೂ, ಬೇಗ ಮುಗಿಸಿ ಎಂದು ಹೇಳಲು ಅವಳಿಗೆ ಮನಸ್ಸು ಬಾರಲಿಲ್ಲ. ಉಳಿದ ಹದಿಮೂರು ಮನೆಗಳು ಕಾಯುತ್ತಿದ್ದವು; ಕಾಯಲಿ ಎಂದುಕೊಂಡಳು.

ಕೊನೆಗೆ ಟೀಚರಮ್ಮ ತೋಳನ್ನು ಚಾಚಿದಳು. ಸೂಜಿ ಇಳಿದಾಗ ಹಲ್ಲು ಕಚ್ಚಿದಳು, ಕಣ್ಣನ್ನು ಮಾತ್ರ ಟ್ಯೂಬಿನಿಂದ ಕೀಳಲಿಲ್ಲ. ರಕ್ತ ತನ್ನಷ್ಟಕ್ಕೆ ತಾನೇ ಗಾಜಿನ ಗೋಡೆಯಗುಂಟ ಇಳಿಯತೊಡಗಿತು. ಇಬ್ಬರೂ ಅದರ ಮೇಲೆಯೇ ದೃಷ್ಟಿಯಿಟ್ಟು, ಅದು ತುಂಬುವವರೆಗೆ, ಒಬ್ಬರನ್ನೊಬ್ಬರು ನಂಬದೆ ಕುಳಿತಿದ್ದರು.